ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕುವಾಗ ಎಲ್ಲಿ ನಿಂತಿತು? ಕರಾವಳಿಯ ಲ್ಯಾಪ್‌ಟಾಪ್‌ಗಳಿಗೊಂದು ದೋಷ ನಿವಾರಣೆ ಕೈಪಿಡಿ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ನಮ್ಮ ಕಡೆ ಹಳೇ ಲ್ಯಾಪ್‌ಟಾಪಿಗೆ ವಿಂಡೋಸಿನ ಬದಲು ಓಡುವ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡುವ ಉತ್ಸಾಹ ಹೆಚ್ಚಾಗಿದೆ. ಸುರತ್ಕಲ್, ಕಂಕನಾಡಿ, ಮಣಿಪಾಲ, ಕುಂದಾಪುರ, ಎಲ್ಲಿಂದ ಫೋನು ಬಂದರೂ ದೂರು ಒಂದೇ: "ಪೆನ್‌ಡ್ರೈವ್ ಹಾಕಿದ್ದೇನೆ, ಎಂತದೂ ಆಗುವುದಿಲ್ಲ ಮಾರಾಯ್ರೆ." ಈ "ಎಂತದೂ ಆಗುವುದಿಲ್ಲ" ಎನ್ನುವುದರೊಳಗೆ ಕಡಿಮೆಯೆಂದರೂ ಐದಾರು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ, ಎಲ್ಲಿಯವರೆಗೆ ಬಂತು? ಬೂಟ್ ಮೆನುವಿನಲ್ಲಿ (ಯಾವುದರಿಂದ ಯಂತ್ರ ಏಳಬೇಕೆಂದು ಆರಿಸುವ ಪಟ್ಟಿ) ಪೆನ್‌ಡ್ರೈವಿನ ಹೆಸರು ಕಂಡಿತೇ? ಆರಿಸಿದ ಮೇಲೆ ಏನಾದರೂ ಅಕ್ಷರ ಮೂಡಿತೇ? ಡೆಸ್ಕ್‌ಟಾಪ್ ಬಂತೇ? ಡಿಸ್ಕು ಆರಿಸುವ ಪುಟದವರೆಗೆ ಹೋದಿರೇ? ನಿಂತ ಜಾಗ ಗೊತ್ತಾದರೆ ಹುಡುಕಬೇಕಾದ ಕಾರಣಗಳು ಎರಡು ಮೂರಕ್ಕೆ ಇಳಿಯುತ್ತವೆ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ವೀಡಿಯೊ ನೋಡಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಫೈಲುಗಳನ್ನು ತಡೆಯುವ ಕಾವಲು) ಬಂದ್ ಮಾಡಿ, ಲೆಗಸಿ ಮೋಡ್ (ಹಳೇ ಕಾಲದ ಬೂಟ್ ಕ್ರಮ) ಚಾಲೂ ಮಾಡಿ, ಡಿಸ್ಕಿನ ಮೋಡ್ ಬದಲಿಸಿ, ಎಲ್ಲವನ್ನೂ ಒಂದೇ ಸಲ ಮಾಡುವವರಿದ್ದಾರೆ. ಆಮೇಲೆ ಲಿನಕ್ಸೂ ಬರುವುದಿಲ್ಲ, ಇದ್ದ ವಿಂಡೋಸೂ ಏಳುವುದಿಲ್ಲ. ಬಯಾಸ್‌ನ (ಲ್ಯಾಪ್‌ಟಾಪ್ ಏಳುವಾಗ ಕೀ ಒತ್ತಿ ತೆರೆಯುವ ಮೂಲ ಸೆಟ್ಟಿಂಗ್ಸ್‌ನ) ಪ್ರತಿ ಪುಟದ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಫಲ ಕಾಣದಿದ್ದರೆ ಅದನ್ನು ಮೊದಲಿನ ಸ್ಥಿತಿಗೆ ತಂದು ಮುಂದಿನದನ್ನು ಮುಟ್ಟಿ.

ಬಯಾಸ್ ಮುಟ್ಟುವ ಮೊದಲು

ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವವರು ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಲೇಬೇಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ನಮಗೆ ಗೊತ್ತಿಲ್ಲದೆಯೇ ಚಾಲೂ ಇರುವುದುಂಟು. ಹಾಗಿರುವಾಗ ಸೆಕ್ಯೂರ್ ಬೂಟ್ ಬದಲಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಆದರೆ ಖಾತೆಯ ಪಾಸ್‌ವರ್ಡ್ ಮರೆತವರಿಗೆ, ಅಥವಾ ಅಂಗಡಿಯವರೇ ತಮ್ಮ ಇಮೇಲ್ ಹಾಕಿ ಲ್ಯಾಪ್‌ಟಾಪ್ ಶುರು ಮಾಡಿಕೊಟ್ಟವರಿಗೆ ಅದು ಸಿಗುವ ದಾರಿ ಮುಚ್ಚಿಹೋಗಿರುತ್ತದೆ. ಒಳಗಿನ ಫೋಟೊ, ಲೆಕ್ಕಪತ್ರ ಯಾವುದೂ ಆಮೇಲೆ ಕೈಗೆ ಬರುವುದಿಲ್ಲ. ಕೀಯನ್ನು ಕಾಗದದ ಮೇಲೆ ಬರೆದುಕೊಂಡು, ಎನ್‌ಕ್ರಿಪ್ಷನ್ ತೆಗೆದು, ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿದ ಮೇಲೆಯೇ ಮುಂದುವರಿಯಿರಿ.

ಜೊತೆಗೆ ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿ. ಅದು ಚಾಲೂ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಅದರ ವಿಭಾಗವನ್ನು ಕಿರಿದು ಮಾಡಿ ಜಾಗ ಬಿಡಿಸಲು ಲಿನಕ್ಸಿಗೆ ಆಗುವುದಿಲ್ಲ.

ತಪ್ಪು ಪೆನ್‌ಡ್ರೈವಿನದೋ, ಲ್ಯಾಪ್‌ಟಾಪಿನದೋ?

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಉಳಿಸುವ ಪರೀಕ್ಷೆ ಇದು. ಅದೇ ಪೆನ್‌ಡ್ರೈವನ್ನು ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿ ಬೂಟ್ ಮಾಡಿ. ಅಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಡೆಸ್ಕ್‌ಟಾಪ್ ಕಂಡರೆ ಸಾಕು. ಅಲ್ಲಿ ಬಂದರೆ ಪೆನ್‌ಡ್ರೈವ್ ಸರಿ ಇದೆ, ನಿಮ್ಮ ಲ್ಯಾಪ್‌ಟಾಪನ್ನು ನೋಡಬೇಕು. ಅಲ್ಲಿಯೂ ಬಾರದಿದ್ದರೆ ಬಯಾಸ್‌ನಲ್ಲಿ ಎಷ್ಟು ಕೆದಕಿದರೂ ಫಲವಿಲ್ಲ.

ಪೆನ್‌ಡ್ರೈವಿನ ಕಡೆಯ ತಪ್ಪುಗಳಲ್ಲಿ ಮೊದಲನೆಯದು ಇಂಟರ್ನೆಟ್‌ನಿಂದ ಇಳಿಸಿಕೊಂಡ ಲಿನಕ್ಸಿನ ಐಎಸ್‌ಒ ಫೈಲನ್ನು ಹಾಡು, ಸಿನೆಮಾ ನಕಲು ಮಾಡಿದ ಹಾಗೆ ಪೆನ್‌ಡ್ರೈವಿಗೆ ಎಳೆದು ಹಾಕುವುದು. ವೆಂಟಾಯ್ ಎಂಬ ತಂತ್ರಾಂಶ ಹಾಕಿದ ಪೆನ್‌ಡ್ರೈವಿಗೆ ಮಾತ್ರ ಆ ಕ್ರಮ ಸರಿ. ಉಳಿದ ಕಡೆ ರೂಫಸ್, ಬಲೇನಾ ಎಚರ್ ಅಥವಾ ಲಿನಕ್ಸಿನದೇ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಇಮೇಜ್ ರೈಟರ್ ಬಳಸಿ ಬರೆಯಬೇಕು. ಬರೆದ ಮೇಲೆ ವಿಂಡೋಸ್ "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?" ಎಂದು ಕೇಳಬಹುದು. ಒಳಗಿನ ವಿಭಾಗದ ರಚನೆ ವಿಂಡೋಸಿಗೆ ಅರ್ಥವಾಗದೆ ಕೇಳುವ ಪ್ರಶ್ನೆ ಅದು. ಗಾಬರಿಯಲ್ಲಿ ಹೌದು ಒತ್ತಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಕ್ಯಾನ್ಸಲ್ ಒತ್ತಿ.

ಎರಡನೆಯದು ಅರ್ಧ ಇಳಿದ ಫೈಲು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಹಲವು ಜಿಬಿಯ ಫೈಲು ಇಳಿಸುವಾಗ, ಮಳೆಗೆ ನೆಟ್‌ವರ್ಕ್ ಹೋಗಿ ಬಂದು ಮಾಡುವಾಗ, ಫೈಲು ಪೂರ್ತಿ ಬಂದಂತೆ ಕಂಡರೂ ಒಳಗೆ ಕೆಟ್ಟಿರಬಹುದು. ಡೌನ್‌ಲೋಡ್ ಪುಟದಲ್ಲಿಯೇ ಎಸ್‌ಎಚ್‌ಎ 256 ಎಂಬ ಹೆಸರಿನಲ್ಲಿ 64 ಅಕ್ಷರಗಳ ಸಾಲೊಂದನ್ನು ಕೊಟ್ಟಿರುತ್ತಾರೆ. ಸೆವೆನ್ ಜಿಪ್ ಹಾಕಿರುವ ವಿಂಡೋಸಿನಲ್ಲಿ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿದರೆ ಅದೇ ಲೆಕ್ಕವನ್ನು ಮಾಡಿ ತೋರಿಸುತ್ತದೆ. ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಒಂದು ಅಕ್ಷರ ಬೇರೆ ಬಂದರೂ ಫೈಲನ್ನು ಮತ್ತೆ ಇಳಿಸಿಕೊಳ್ಳಿ. ಈ ಹೋಲಿಕೆಯನ್ನು ಬಿಟ್ಟು ಮುಂದೆ ಹೋದವರು ಕಾರಣ ಸಿಗದೆ ಸಂಜೆಯವರೆಗೆ ಒದ್ದಾಡುವುದನ್ನು ನಾನು ಬಹಳ ನೋಡಿದ್ದೇನೆ.

ಮೂರನೆಯದು ಸುಳ್ಳು ಸಾಮರ್ಥ್ಯದ ಪೆನ್‌ಡ್ರೈವ್. ಮೇಲೆ 64 ಜಿಬಿ ಎಂದಿದ್ದು ಒಳಗೆ ಅದರ ಸಣ್ಣ ಪಾಲು ಮಾತ್ರ ಇರುವ ಅಗ್ಗದ ಮಾಲು ಮಾರುಕಟ್ಟೆಯಲ್ಲಿ ಇದೆ. ಬರೆಯುವಾಗ ತಕರಾರಿಲ್ಲ, ಓದುವಾಗ ಮಾತ್ರ ಕೈಕೊಡುತ್ತದೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಸಣ್ಣ ತಂತ್ರಾಂಶ ಪೂರ್ತಿ ಬರೆದು ಪೂರ್ತಿ ಓದಿ ನಿಜ ಹೇಳುತ್ತದೆ. ಲಿನಕ್ಸಿನಲ್ಲಿ ಎಫ್3 ಎಂಬುದು ಅದೇ ಕೆಲಸ ಮಾಡುತ್ತದೆ.

ಇನ್ನು ನಮ್ಮ ಊರಿನ ವಿಶೇಷ ಕಾರಣ. ಮಲ್ಪೆ, ಪಣಂಬೂರು, ಉಳ್ಳಾಲದ ಹಾಗೆ ಕಡಲಿಗೆ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿ, ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ತೇವ. ಮೂಲೆಯಲ್ಲಿಟ್ಟ ಹಳೇ ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗಳೊಳಗಿನ ಲೋಹ ಆಟಿ ತಿಂಗಳು ಕಳೆಯುವಷ್ಟರಲ್ಲಿ ಮಂಕಾಗುತ್ತದೆ. ಮಲ್ಪೆಯ ಕಡೆ ಒಬ್ಬರು ಅಕ್ಕನ ಲ್ಯಾಪ್‌ಟಾಪಿನಲ್ಲಿ ಮಿಂಟ್‌ನ ಹಸಿರು ಗುರುತು ಬಂದು, ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗಿ, "ಸ್ಕ್ವಾಶ್‌ಎಫ್‌ಎಸ್ ಎರರ್" ಎಂಬ ಸಾಲು ಒಂದರ ಕೆಳಗೊಂದು ಸುರಿಯುತ್ತಿತ್ತು. ಅವರು ಬೇರೆ ಬೇರೆ ತಂತ್ರಾಂಶದಲ್ಲಿ ಬರೆದು ನೋಡಿ ಸಾಕಾಗಿದ್ದರು. ಅದೇ ಪೆನ್‌ಡ್ರೈವ್ ನನ್ನ ಲ್ಯಾಪ್‌ಟಾಪಿನಲ್ಲಿ ತಕ್ಷಣ ಬಂತು. ಟಾರ್ಚ್ ಬಿಟ್ಟು ಅವರ ಎಡಬದಿಯ ಕಿಂಡಿಯೊಳಗೆ ನೋಡಿದರೆ ನಾಲ್ಕು ಪಟ್ಟಿಗಳಲ್ಲಿ ಎರಡರ ತುದಿಗೆ ಹಸಿರುಬಿಳಿ ಪೊರೆ ಕಟ್ಟಿತ್ತು, ಉಳಿದೆರಡು ಚಿನ್ನದ ಬಣ್ಣದಲ್ಲೇ ಇದ್ದವು. "ಅಕ್ಕ, ಆ ಬದಿಯದಕ್ಕೆ ಹಾಕಿ ನೋಡುವ" ಎಂದು ಬಲಬದಿಯ ಕಿಂಡಿಗೆ ಹಾಕಿದೆವು. ಒಂದು ಸಾಲೂ ಎರರ್ ಇಲ್ಲದೆ ಡೆಸ್ಕ್‌ಟಾಪ್ ತೆರೆದುಕೊಂಡಿತು.

ಸ್ಕ್ವಾಶ್‌ಎಫ್‌ಎಸ್ ಎಂದರೆ ಪೆನ್‌ಡ್ರೈವಿನಲ್ಲಿ ಇಡೀ ಲಿನಕ್ಸನ್ನು ಒತ್ತಿ ತುಂಬಿಸಿಟ್ಟ ಒಂದು ದೊಡ್ಡ ಫೈಲು. ಅದನ್ನು ಓದಲು ಆಗುತ್ತಿಲ್ಲ ಎನ್ನುವುದೇ ಆ ಸಾಲಿನ ಅರ್ಥ. ಕಾರಣ ಕೆಟ್ಟ ಫೈಲು, ಕೆಟ್ಟ ಪೆನ್‌ಡ್ರೈವ್, ಕೆಟ್ಟ ಕಿಂಡಿ, ಈ ಮೂರರಲ್ಲೊಂದು ಇರುವುದೇ ಹೆಚ್ಚು. ಕಿಂಡಿ ತೊಳೆಯುವುದಾದರೆ ಲ್ಯಾಪ್‌ಟಾಪ್ ಪೂರ್ತಿ ಬಂದ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಮೆದು ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪವೇ ಹಚ್ಚಿ ಉಜ್ಜಿ. ಪೂರ್ತಿ ಒಣಗಿದ ಮೇಲೆಯೇ ಚಾಲೂ ಮಾಡಿ. ಪಿನ್ನು, ಚಾಕು ಹಾಕಿ ಕೆರೆಯಬೇಡಿ.

ಬೂಟ್ ಮೆನುವಿನಲ್ಲಿ ಹೆಸರೇ ಇಲ್ಲ

ಲೆನೊವೊ, ಡೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9, ಅಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿಯೂ ಎಫ್12, ಆದರೆ ಹಲವು ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಬಯಾಸ್‌ಗೆ ಹೋಗಿ ಎಫ್12 ಬೂಟ್ ಮೆನು ಎಂಬುದನ್ನು ಚಾಲೂ ಮಾಡಬೇಕು. ಕೀ ಒತ್ತಿ ಒತ್ತಿ ಬೇಸತ್ತರೆ ಇನ್ನೊಂದು ದಾರಿ ಉಂಟು: ವಿಂಡೋಸಿನಲ್ಲಿ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ, ಬರುವ ನೀಲಿ ಪುಟದಲ್ಲಿ ಡಿವೈಸ್ ಬಳಸುವ ಆಯ್ಕೆಗೆ ಹೋಗಿ ಪೆನ್‌ಡ್ರೈವ್ ಆರಿಸಿ.

ಮೆನು ಬಂದರೂ ಹೆಸರಿಲ್ಲವೆಂದರೆ ಕಿಂಡಿ ಬದಲಿಸಿ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯಿಂದ ಬೂಟ್ ಮಾಡುವುದಿಲ್ಲ, ಕಪ್ಪು ಬಣ್ಣದ್ದಕ್ಕೆ ಹಾಕಿದರೆ ಕಾಣುತ್ತದೆ. ಹಬ್ ಮೂಲಕ ಹಾಕಬೇಡಿ. ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಇಲ್ಲದ ಹಳೇ ಯಂತ್ರಕ್ಕೆ ರೂಫಸ್‌ನಲ್ಲಿ ಜಿಪಿಟಿ ಎಂಬ ವಿಭಾಗದ ಕ್ರಮ ಆರಿಸಿ ಬರೆದಿದ್ದರೆ ಅದು ಏಳದಿರಬಹುದು, ಎಂಬಿಆರ್ ಆರಿಸಿ ಮತ್ತೆ ಬರೆಯಿರಿ. "ಈ ಕರ್ನಲ್‌ಗೆ 64 ಬಿಟ್ ಪ್ರೊಸೆಸರ್ ಬೇಕು" ಎಂಬ ಅರ್ಥದ ಸಂದೇಶ ಬಂದರೆ ನಿಮ್ಮದು 32 ಬಿಟ್ ಯಂತ್ರ. ಲಿನಕ್ಸಿನ ಬಗೆಗಳಾದ ಈಗಿನ ಉಬುಂಟು, ಮಿಂಟ್ ಎರಡರ ಮುಖ್ಯ ಆವೃತ್ತಿಗಳೂ ಅದಕ್ಕೆ ಬರುವುದಿಲ್ಲ.

ಹೆಸರು ಉಂಟು, ಆರಿಸಿದರೆ ಕೆಂಪು ಎಚ್ಚರಿಕೆ

ಇದು ಸೆಕ್ಯೂರ್ ಬೂಟ್‌ನ ತಡೆ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಇವೆಲ್ಲ ಸಹಿ ಹಾಕಿದ ಬೂಟ್ ಫೈಲಿನೊಂದಿಗೇ ಬರುತ್ತವೆ, ಹಾಗಾಗಿ ಬಂದ್ ಮಾಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಆದರೂ ತಡೆದರೆ ಬಯಾಸ್‌ನ ಸೆಕ್ಯೂರಿಟಿ ಪುಟದಲ್ಲಿ ಮೈಕ್ರೋಸಾಫ್ಟಿನ ಥರ್ಡ್ ಪಾರ್ಟಿ ಪ್ರಮಾಣಪತ್ರಕ್ಕೆ ಅನುಮತಿ ಎಂಬ ಆಯ್ಕೆ ಇದೆಯೇ ನೋಡಿ. ಹೊಸ ವ್ಯಾಪಾರಿ ದರ್ಜೆಯ ಲ್ಯಾಪ್‌ಟಾಪ್ ಕೆಲವುಗಳಲ್ಲಿ ಅದು ಬಂದ್ ಆಗಿಯೇ ಬರುತ್ತದೆ.

"ಎಸ್‌ಬ್ಯಾಟ್ ಸೆಲ್ಫ್ ಚೆಕ್ ಫೇಲ್ಡ್" ಎಂದು ಬಂದರೆ ಕಾರಣ ಬೇರೆ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ ಬೂಟ್ ಫೈಲುಗಳನ್ನು ತಡೆಯುವ ಪಟ್ಟಿಯೊಂದನ್ನು ತಂದಿತು. ಅದಕ್ಕಿಂತ ಮುಂಚಿನ ಪೆನ್‌ಡ್ರೈವ್‌ಗಳು ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅಂದಿನಿಂದ ಏಳುತ್ತಿಲ್ಲ. ಹೊಸ ಐಎಸ್‌ಒ ಇಳಿಸಿ ಬರೆಯುವುದೇ ಸರಿಯಾದ ದಾರಿ.

ಪರದೆ ಕಪ್ಪು

ಮೆನು ಬಂತು, ಎಂಟರ್ ಒತ್ತಿದ ಮೇಲೆ ಪರದೆ ಕಪ್ಪಾಯಿತು, ಫ್ಯಾನು ತಿರುಗುತ್ತಲೇ ಇದೆ. ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದು ತೀರಾ ಸಾಮಾನ್ಯ. ಉಬುಂಟುವಿನಲ್ಲಿ ಸೇಫ್ ಗ್ರಾಫಿಕ್ಸ್, ಮಿಂಟ್‌ನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಎಂಬ ಆಯ್ಕೆ ಅದೇ ಮೆನುವಿನಲ್ಲಿ ಇದೆ. ಅದರಲ್ಲಿ ಬಂದರೆ ದೋಷ ಗ್ರಾಫಿಕ್ಸಿನದೇ ಇರುವುದು ಹೆಚ್ಚು.

ಆ ಆಯ್ಕೆ ಇಲ್ಲದಿದ್ದರೆ ಮೆನುವಿನ ಮೊದಲ ಸಾಲಿನ ಮೇಲೆ ನಿಂತು ಇಂಗ್ಲಿಷಿನ ಇ ಅಕ್ಷರ ಒತ್ತಿ. ಬರುವ ಬರಹದಲ್ಲಿ ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಹೋದರೆ ಕ್ವಯಟ್, ಸ್ಪ್ಲಾಶ್ ಎಂಬ ಎರಡು ಪದಗಳು ಸಿಗುತ್ತವೆ. ಅವನ್ನು ಅಳಿಸಿ ಅಲ್ಲಿ ನೋಮೋಡ್‌ಸೆಟ್ (nomodeset) ಎಂದು, ನಡುವೆ ಜಾಗ ಬಿಡದೆ, ಎಲ್ಲ ಸಣ್ಣ ಅಕ್ಷರಗಳಲ್ಲಿ ಬರೆದು ಎಫ್10 ಒತ್ತಿ. ಆ ಎರಡು ಪದ ಅಳಿಸಿದ್ದರಿಂದ ಇನ್ನೊಂದು ಲಾಭವೂ ಇದೆ: ಗುರುತಿನ ಚಿತ್ರದ ಬದಲು ಒಳಗೆ ನಡೆಯುವುದೆಲ್ಲ ಸಾಲು ಸಾಲಾಗಿ ಕಾಣುತ್ತದೆ, ಮತ್ತೆ ನಿಂತರೂ ಕೊನೆಯ ಸಾಲುಗಳು ಸುಳಿವು ಕೊಡುತ್ತವೆ. ಅವುಗಳ ಫೋಟೊ ತೆಗೆದುಕೊಳ್ಳಿ. ಯಾರ ಹತ್ತಿರ ಸಹಾಯ ಕೇಳುವುದಿದ್ದರೂ "ಕಪ್ಪಾಯಿತು" ಎನ್ನುವುದಕ್ಕಿಂತ ಆ ಫೋಟೊ ಹೆಚ್ಚು ಹೇಳುತ್ತದೆ.

ಇನ್‌ಸ್ಟಾಲ್ ಆದ ಮೇಲೆ ಮೊದಲ ಸಲವೂ ಇದೇ ತಿದ್ದುಪಡಿ ಬೇಕಾಗಬಹುದು. ಒಳಗೆ ಹೋಗಿ ಡ್ರೈವರ್ ಮ್ಯಾನೇಜರ್‌ನಿಂದ ಎನ್‌ವಿಡಿಯಾ ಡ್ರೈವರ್ ಹಾಕಿದ ಮೇಲೆ ಬೇಕಾಗುವುದಿಲ್ಲ.

ಡೆಸ್ಕ್‌ಟಾಪ್ ಬಂತು, ಡಿಸ್ಕು ಕಾಣುವುದಿಲ್ಲ

ಇನ್‌ಸ್ಟಾಲರಿನ ಪಟ್ಟಿಯಲ್ಲಿ ಪೆನ್‌ಡ್ರೈವ್ ಮಾತ್ರ ಉಂಟು, ಒಳಗಿನ ಎಸ್‌ಎಸ್‌ಡಿ ಇಲ್ಲ. ವಿಂಡೋಸ್ ಅದೇ ಡಿಸ್ಕಿನಿಂದ ಚೆನ್ನಾಗಿ ಓಡುತ್ತಿದ್ದರೆ ಡಿಸ್ಕು ಸತ್ತಿಲ್ಲ. ಇಂಟೆಲ್ ಪ್ರೊಸೆಸರಿನ ಲ್ಯಾಪ್‌ಟಾಪ್‌ಗಳಲ್ಲಿ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ವ್ಯವಸ್ಥೆಯ ಹಿಂದೆ ಅದು ಮರೆಯಾಗಿರುತ್ತದೆ. ಬಯಾಸ್‌ನಲ್ಲಿ ಅದನ್ನು ತೆಗೆದು ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್ ಮಾಡಬೇಕು. ಏಸರ್‌ನ ಹಲವು ಮಾದರಿಗಳಲ್ಲಿ ಈ ಆಯ್ಕೆ ಬಯಾಸ್‌ನ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತುವವರೆಗೆ ಕಾಣುವುದೇ ಇಲ್ಲ.

ವಿಂಡೋಸ್ ಉಳಿಸಿಕೊಳ್ಳುವುದಿದ್ದರೆ ನೇರವಾಗಿ ಬದಲಿಸಬೇಡಿ, ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಮೊದಲು ವಿಂಡೋಸಿನಲ್ಲಿ ಎಂಎಸ್ ಕಾನ್ಫಿಗ್ (msconfig) ತೆರೆದು ಬೂಟ್ ವಿಭಾಗದಲ್ಲಿ ಸೇಫ್ ಬೂಟ್‌ಗೆ ಗುರುತು ಹಾಕಿ ರೀಸ್ಟಾರ್ಟ್ ಕೊಡಿ. ಏಳುವ ಹೊತ್ತಿಗೆ ಬಯಾಸ್‌ಗೆ ಹೋಗಿ ಮೋಡ್ ಬದಲಿಸಿ ಉಳಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುತ್ತದೆ, ಏಳುವಾಗ ಬೇಕಾದ ಡ್ರೈವರನ್ನು ತಾನೇ ಹಿಡಿದುಕೊಳ್ಳುತ್ತದೆ. ಆಮೇಲೆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ. ಸೇಫ್ ಮೋಡ್‌ನಲ್ಲಿ ಪಿನ್ ನಡೆಯದಿರಬಹುದು, ಪಾಸ್‌ವರ್ಡ್ ನೆನಪಿರಲಿ.

ಅರ್ಧದಲ್ಲಿ ನಿಂತಿತು

"ಇನ್‌ಪುಟ್ ಔಟ್‌ಪುಟ್ ಎರರ್" ಎಂದು ಬಂದರೆ ಪೆನ್‌ಡ್ರೈವ್ ಅಥವಾ ಒಳಗಿನ ಡಿಸ್ಕು, ಎರಡರಲ್ಲೊಂದು ಓದಲು ಬರೆಯಲು ತೊಡಕು ಕೊಡುತ್ತಿದೆ. ಪೆನ್‌ಡ್ರೈವಿನ ಪರೀಕ್ಷೆ ಮೇಲೆ ಹೇಳಿದೆ. ಡಿಸ್ಕಿಗೆ ಲೈವ್ ಡೆಸ್ಕ್‌ಟಾಪಿನಲ್ಲೇ ಡಿಸ್ಕ್ಸ್ ಎಂಬ ಆ್ಯಪ್ ತೆರೆದು ಸ್ಮಾರ್ಟ್ ಮಾಹಿತಿ ನೋಡಿ. ಹಳೇ ಹಾರ್ಡ್‌ಡಿಸ್ಕಿನಲ್ಲಿ ರೀಅಲೊಕೇಟೆಡ್, ಪೆಂಡಿಂಗ್ ಸೆಕ್ಟರುಗಳ ಸಂಖ್ಯೆ ಸೊನ್ನೆಗಿಂತ ಮೇಲೇರುತ್ತಾ ಹೋಗುತ್ತಿದ್ದರೆ ಆ ಡಿಸ್ಕನ್ನು ನಂಬಿ ಕೆಲಸ ಇಡುವುದು ಬೇಡ. ಎಸ್‌ಎಸ್‌ಡಿ ಹಾಕಿಸಿ, ಹಳೇ ಲ್ಯಾಪ್‌ಟಾಪಿಗೆ ಅದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಹೆಸರಿಗೆ ಮಾತ್ರ ಇರುತ್ತದೆ. ವಿಭಾಗ ಕಿರಿದು ಮಾಡುವಾಗ ಕರೆಂಟು ಹೋದರೆ ವಿಂಡೋಸಿನ ಕಡತಗಳೂ ಹೋಗಬಹುದು. ಮಳೆಗಾಲದಲ್ಲಿ ಇನ್ವರ್ಟರ್ ಇರುವ ಕಡೆ ಕೂತು ಮಾಡಿ. ಏಪ್ರಿಲ್, ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರಿನಲ್ಲಿ ಗುಡುಗು ಶುರುವಾಯಿತೆಂದರೆ ಪ್ಲಗ್ ತೆಗೆದು ಕೆಲಸ ಮರುದಿನ ಬೆಳಗ್ಗೆಗೆ ಇಟ್ಟುಕೊಳ್ಳುವುದೇ ಲೇಸು.

ಮುಗಿಯಿತು, ಆದರೆ ನೇರ ವಿಂಡೋಸೇ ಏಳುತ್ತದೆ

ಬಯಾಸ್‌ನ ಬೂಟ್ ಕ್ರಮದಲ್ಲಿ ಉಬುಂಟು ಎಂಬ ಹೆಸರನ್ನು ಮೇಲಕ್ಕೆ ತನ್ನಿ (ಮಿಂಟ್ ಹಾಕಿದವರಿಗೂ ಅಲ್ಲಿ ಉಬುಂಟು ಎಂದೇ ಕಾಣುತ್ತದೆ). ಎಚ್‌ಪಿಯಲ್ಲಿ ಓಎಸ್ ಬೂಟ್ ಮ್ಯಾನೇಜರ್ ಎಂಬ ಸಾಲಿನ ಮೇಲೆ ಎಂಟರ್ ಒತ್ತಿದರೆ ಮಾತ್ರ ಒಳಪಟ್ಟಿ ತೆರೆಯುತ್ತದೆ. ಏಸರ್‌ನ ಕೆಲವು ಮಾದರಿಗಳಲ್ಲಿ ಹೆಸರೇ ಬರುವುದಿಲ್ಲ. ಅಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟು, ಯುಇಎಫ್‌ಐ ಫೈಲನ್ನು ವಿಶ್ವಾಸಾರ್ಹ ಎಂದು ಸೇರಿಸುವ ಆಯ್ಕೆಗೆ ಹೋಗಿ, ಉಬುಂಟು ಫೋಲ್ಡರಿನೊಳಗಿನ ಶಿಮ್ ಎಂದು ಶುರುವಾಗುವ ಫೈಲನ್ನು ಆರಿಸಬೇಕು. ಆ ಪಾಸ್‌ವರ್ಡನ್ನು ಬರೆದಿಟ್ಟುಕೊಳ್ಳಿ, ಮರೆತರೆ ಬಯಾಸ್‌ಗೆ ಹೋಗಲಿಕ್ಕೇ ಕಷ್ಟ.

ಲಿನಕ್ಸ್ ಏಳುತ್ತದೆ, ಮೆನುವಿನಲ್ಲಿ ವಿಂಡೋಸ್ ಇಲ್ಲ ಎಂದಾದರೆ ಒಂದು ಯುಇಎಫ್‌ಐಯಲ್ಲೂ ಇನ್ನೊಂದು ಲೆಗಸಿಯಲ್ಲೂ ಕೂತಿದೆಯೇ ನೋಡಬೇಕು. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವಿನ ಹೆಸರು ಎರಡು ಸಲ ಕಂಡರೆ ವಿಂಡೋಸ್ ಯಾವ ರೀತಿ ಇದೆಯೋ ಅದನ್ನೇ ಆರಿಸಿ ಇನ್‌ಸ್ಟಾಲ್ ಮಾಡಿದ್ದರೆ ಈ ತೊಂದರೆ ಬರುತ್ತಿರಲಿಲ್ಲ. ವಿಂಡೋಸ್ 8ರಿಂದ ಈಚೆಗೆ ಕಂಪನಿಯೇ ವಿಂಡೋಸ್ ಹಾಕಿ ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಅದು ಯುಇಎಫ್‌ಐ ಆಗಿಯೇ ಇರುತ್ತದೆ.

ಉಳಿದ ಸಣ್ಣಪುಟ್ಟವು

ವೈಫೈ ಇಲ್ಲದಿದ್ದರೆ ಮೊಬೈಲನ್ನು ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಚಾಲೂ ಮಾಡಿ, ಇಂಟರ್ನೆಟ್ ಸಿಗುತ್ತದೆ. ಅದರಿಂದ ಡ್ರೈವರ್ ಹಾಕಿಕೊಳ್ಳಿ. ಸೆಕ್ಯೂರ್ ಬೂಟ್ ಚಾಲೂ ಇದ್ದಾಗ ಇಂಥ ಡ್ರೈವರ್ ಹಾಕಿದರೆ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ಮರುಬೂಟ್ ಆಗುವಾಗ ನೀಲಿ ಪುಟವೊಂದು ಕೆಲವೇ ಸೆಕೆಂಡು ಕಾಯುತ್ತದೆ, ಅಲ್ಲಿ ಎನ್‌ರೋಲ್ ಮಾಕ್ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಅದು ತಪ್ಪಿಹೋದರೆ ಡ್ರೈವರ್ ಇದ್ದರೂ ಕೆಲಸ ಮಾಡುವುದಿಲ್ಲ.

ವಿಂಡೋಸಿಗೆ ಮರಳಿದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಇದ್ದರೆ ಅದು ಹಾಳಾದ ಲಕ್ಷಣ ಅಲ್ಲ. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ. ಲಿನಕ್ಸಿನ ಟೈಮ್‌ಡೇಟ್‌ಕಂಟ್ರೋಲ್ (timedatectl) ಎಂಬ ಆಜ್ಞೆಯಲ್ಲಿ ಯಂತ್ರದ ಗಡಿಯಾರಕ್ಕೆ ಸ್ಥಳೀಯ ಸಮಯ ಎಂದು ಹೇಳಿದರೆ ಸರಿಹೋಗುತ್ತದೆ. ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಒಳಗಿನ ಸಣ್ಣ ಬಿಲ್ಲೆ ಬ್ಯಾಟರಿ ಮುಗಿದಿದೆ. ಹಾಗಿರುವಾಗ ಅಪ್‌ಡೇಟುಗಳೂ ಇಳಿಯುವುದಿಲ್ಲ.

ಕೊನೆಯದು, ಸರಿಯಾದ ಪಾಸ್‌ವರ್ಡ್ ಹಾಕಿದರೂ ಲಾಗಿನ್ ಆಗದಿರುವುದು. ಇನ್‌ಸ್ಟಾಲ್ ಮಾಡುವಾಗ ಕೀಬೋರ್ಡ್ ಪುಟದಲ್ಲಿ ಕನ್ನಡವನ್ನೇ ಆರಿಸಿದವರಿಗೆ ಇದು ಬರಬಹುದು, ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುವುದರಿಂದ ಯಾವ ಲಿಪಿಯಲ್ಲಿ ಬಿತ್ತೆಂದು ಗೊತ್ತಾಗುವುದಿಲ್ಲ. ಲಾಗಿನ್ ಪುಟದ ಮೂಲೆಯಲ್ಲಿರುವ ಭಾಷೆಯ ಗುರುತು ಒತ್ತಿ ಇಂಗ್ಲಿಷಿಗೆ ಬದಲಿಸಿ ನೋಡಿ. ಇನ್‌ಸ್ಟಾಲ್ ಮಾಡುವಾಗ ಇಂಗ್ಲಿಷ್ ಇಟ್ಟುಕೊಂಡು ಕನ್ನಡವನ್ನು ಆಮೇಲೆ ಸೇರಿಸುವುದು ಒಳ್ಳೆಯದು. ಸೆಟ್ಟಿಂಗ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಫೊನೆಟಿಕ್ ಎಂಬುದನ್ನು ಆರಿಸಿ. ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ ಇರುವವರ ಬೆರಳುಗಳಿಗೆ ಅದು ಹೊಸತೆನಿಸುವುದಿಲ್ಲ. ಆ ವಿನ್ಯಾಸದ ಮೂಲ ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಸೇರಿಸಿದ ಮೇಲೆ ಸೂಪರ್ (ವಿಂಡೋಸ್ ಗುರುತಿನ ಕೀ) ಮತ್ತು ಸ್ಪೇಸ್ ಕೀ ಒಟ್ಟಿಗೆ ಒತ್ತಿದರೆ ಉಬುಂಟುವಿನಲ್ಲಿ ಎರಡೂ ಭಾಷೆಗಳ ನಡುವೆ ಬದಲಾಗುತ್ತದೆ.